ಒಂದು ಗಾಡಿಯ ಸ್ಪ್ರಿಂಗು ಇನ್ನೊಂದಕ್ಕೆ ಹೊಂದೀತೇ?

ಬೆಳಗಿನ ಐದು ಗಂಟೆಯ ಹೊತ್ತಿಗೆ ಹೈದರಾಬಾದಿನ ಮಾದಾಪುರದ ಓಣಿಗಳಲ್ಲಿ ನಡೆದಾಡಿದವರಿಗೆ ಅಲ್ಲಿಯ ಒಂದು ನೋಟವು ಚೆನ್ನಾಗಿ ಪರಿಚಿತವಾದುದೇ. ೧೯೯೮ರ ನವೆಂಬರಿನಲ್ಲಿ ಸೈಬರ್ ಟವರ್ಸ್ ಕಟ್ಟಡದ ಉದ್ಘಾಟನೆಯಾದಂದಿನಿಂದ, ಬಂಡೆಗಲ್ಲುಗಳ ನಡುವಿನ ಈ ಊರು ಕಚೇರಿಗಳ ನಗರವಾಗಿ ಬೆಳೆಯಿತು. ಕಚೇರಿಗಳ ಬೆನ್ನಿಗೆ ವಸತಿಗೃಹಗಳು ಬಂದುವು. ವಸತಿಗೃಹಗಳ ಬೆನ್ನಿಗೆ ಇಡ್ಲಿ-ಸಾಂಬಾರು ಬಂದಿತು. ಇಡ್ಲಿ ಬಂದಲ್ಲಿ ನಮ್ಮವರು ಬಾರದೆ ಇದ್ದಾರೆಯೇ? ಎರಡು ಗಂಟೆಗೆ ಎದ್ದು ಒಲೆ ಹಚ್ಚಿ, ಆರು ಗಂಟೆಯೊಳಗಾಗಿ ಕೊಂಡಾಪುರ, ಗಚ್ಚಿಬೌಲಿಗಳ ವಸತಿಗೃಹಗಳಿಗೆ ತಿಂಡಿ ಮುಟ್ಟಿಸುವ ಕನ್ನಡ ಬಂಧುಗಳು ಅಲ್ಲಿ ಕೆಲವರಿದ್ದಾರೆ. ಅವರ ಬಂಡವಾಳವೆಂದರೆ ಕೈಗುಣ, ನಾಲ್ಕು ಪಾತ್ರೆ, ಮತ್ತು ಸಾಲ ಮಾಡಿ ಕೊಂಡ ಒಂದು ಹಳೆಯ ಕಾರು.

ಅಂಥವರಲ್ಲೊಬ್ಬರ ಕಾರಿನ ಕಥೆಯೇ ಇಂದಿನ ಈ ಬರಹಕ್ಕೆ ಕಾರಣ. ಅವರು ಕುಂದಾಪುರದ ಕಡೆಯವರು. ಹನ್ನೆರಡನೆಯ ವಯಸ್ಸಿನಲ್ಲಿ ಲೋಟ ತೊಳೆಯುವುದರಿಂದ ತೊಡಗಿ, ಸಪ್ಲಾಯರಾಗಿ, ಅಡಿಗೆಯವರಾಗಿ, ಈಗ ಐದಾರು ವರ್ಷಗಳಿಂದ ಸ್ವಂತವಾಗಿ ತಿಂಡಿ ಸರಬರಾಜು ಮಾಡುತ್ತಿದ್ದಾರೆ. ಅವರ ಹೆಸರು ಇಲ್ಲಿ ಬೇಡ. ಅವರಿಗೆ ಒದಗಿದ ಪ್ರಸಂಗವು ಹಳೆಯ ಕಾರನ್ನು ಕೊಂಡ ಯಾವ ಹೋಟೆಲು ನೌಕರನಿಗಾದರೂ, ಯಾವ ಗುಮಾಸ್ತನಿಗಾದರೂ ಒದಗಬಹುದಾದುದು.

ಕುಸಿದ ಬೆನ್ನು

ಅವರ ಗಾಡಿಯು ಚಿಕ್ಕದು. ನಾಲ್ವರು ಕುಳಿತು ಊರಿಗೆ ಹೋಗಿಬರಲೆಂದು ತಯಾರಾದುದು. ಅದರ ಹಿಂದಿನ ಸೀಟನ್ನು ಮಡಚಿ ಇಡ್ಲಿ ಡಬ್ಬಗಳನ್ನೂ, ಡಿಕ್ಕಿಯಲ್ಲಿ ಸಾಂಬಾರು-ಚಟ್ನಿಯ ಕ್ಯಾನುಗಳನ್ನೂ, ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳನ್ನೂ ತುಂಬುತ್ತಿದ್ದರು. ನೀರಿನ ಕ್ಯಾನು ಆರಾದರೆ ಅದೊಂದೇ ೧೨೦ ಕಿಲೋಗ್ರಾಂ. ಉಳಿದುದೆಲ್ಲ ಕೂಡಿ ಭಾರವು ಇನ್ನೂರು ಕಿಲೋ ದಾಟುತ್ತಿತ್ತು. ಅಷ್ಟೂ ಭಾರವು ಹಿಂದಿನ ಚಕ್ರಗಳ ಮೇಲೆ, ಕೆಲವು ಚಕ್ರಗಳಿಗಿಂತಲೂ ಹಿಂದೆ! ಎರಡು ವರ್ಷ ಕಳೆಯುವುದರೊಳಗೆ ಗಾಡಿಯ ಬೆನ್ನು ಕುಸಿದು, ಪ್ರತಿಯೊಂದು ರೋಡ್ ಹಂಪಿನಲ್ಲಿಯೂ ತಳ ಉಜ್ಜತೊಡಗಿತು.

ರಿಪೇರಿ ಷೆಡ್ಡೊಂದರಲ್ಲಿ ವಿಚಾರಿಸಿದಾಗ ಅವರಿಗೆ ದೊರೆತ ಸಲಹೆಯು ಸುಲಭವಾಗಿತ್ತು: ಅದಕ್ಕಿಂತ ದೊಡ್ಡ ಮಾದರಿಯ ಕಾರಿನ ಹಿಂದಿನ ಸ್ಪ್ರಿಂಗುಗಳು ಗುಜರಿಯಲ್ಲಿ ಸಿಕ್ಕುತ್ತವೆ, ಬೆಲೆಯು ಹೊಸದರ ಅರ್ಧಕ್ಕೂ ಕಡಿಮೆ, ಕೂರುವ ಬಟ್ಟಲಿನ ಅಳತೆ ಒಂದೇ, ಒಂದು ಗಂಟೆಯ ಕೆಲಸ. ಮಿತ್ರರು ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಸಾಲದ ಕಂತು ತಿಂಗಳ ಐದಕ್ಕೆ; ಗಾಡಿ ಒಂದು ದಿನ ನಿಂತರೆ ವಸತಿಗೃಹದವರು ಬೇರೊಬ್ಬರನ್ನು ನೋಡಿಕೊಳ್ಳುತ್ತಾರೆ.

ಹಾಕಿಸಿದ ದಿನ ಸಂತೋಷವೇ ಆಯಿತು. ಭಾರ ತುಂಬಿದರೂ ಗಾಡಿ ನೆಟ್ಟಗೆ ನಿಂತಿತು. ಆದರೆ ತಿಂಡಿ ಇಳಿಸಿ ಬರಿದಾಗಿ ಹಿಂದಿರುಗುವಾಗ ಬೆನ್ನು ಮೇಲಕ್ಕೆದ್ದು, ಗಾಡಿಯು ಖಾಲಿ ಜಟಕಾದಂತೆ ಕುಣಿಯುತ್ತಿತ್ತು. ಒಂದು ತಿಂಗಳ ತರುವಾಯ, ಮಳೆ ಹಿಡಿದ ಒಂದು ಮುಂಜಾನೆ, ದುರ್ಗಂ ಚೆರುವಿನ ಸಮೀಪದ ಇಳಿಜಾರಿನಲ್ಲಿ ಹಂಪೊಂದನ್ನು ದಾಟಿ ತಿರುಗುವಷ್ಟರಲ್ಲಿ ಹಿಂದಿನ ಚಕ್ರಗಳು ಜಾರಿದುವು. ಗಾಡಿಯು ಅಡ್ಡಲಾಗಿ ಹೋಗಿ ನಡುಗಟ್ಟೆಗೆ ಬಡಿಯಿತು. ಅವರಿಗೆ ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಅಕ್ಕನ ಮಗನ ಮಣಿಕಟ್ಟು ಮುರಿಯಿತು. ಊರಿನಿಂದ ದುಡಿಮೆಗೆಂದು ಬಂದು ಮೂರು ತಿಂಗಳೂ ಆಗದ ಹುಡುಗ. "ಅಕ್ಕನಿಗೆ ಫೋನಿನಲ್ಲಿ ಎಂಥ ಹೇಳುವುದು ಮಾರಾಯ್ರೇ?" ಎಂದು ಅವರು ಕೇಳಿದಾಗ ಈ ಲೇಖಕನಲ್ಲಿ ಉತ್ತರವಿರಲಿಲ್ಲ.

ಸ್ಪ್ರಿಂಗಿನ ಲೆಕ್ಕ

ಏನು ತಪ್ಪಾಯಿತು? ಸ್ಪ್ರಿಂಗೆಂದರೆ ಗಾಡಿಯನ್ನು ಎತ್ತಿ ಹಿಡಿಯುವ ಉಕ್ಕಿನ ಸುರುಳಿಯೆಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ಸತ್ಯ. ಸ್ಪ್ರಿಂಗು ಭಾರವನ್ನು ಹೊರುವುದಷ್ಟೇ ಅಲ್ಲ, ಆ ಭಾರಕ್ಕೆ ತಕ್ಕಷ್ಟು ಬಗ್ಗಿಯೂ ಕೊಡಬೇಕು. ಸ್ಪ್ರಿಂಗು ಎಷ್ಟು ಕುಗ್ಗುವುದೋ ಅಥವಾ ಹಿಗ್ಗುವುದೋ ಅದರ ಬಲವೂ ಅದೇ ಪ್ರಮಾಣದಲ್ಲಿರುವುದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ೧೬೭೬ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿ, ೧೬೭೮ರಲ್ಲಿ ಒಗಟನ್ನು ಬಿಡಿಸಿ ತಿಳಿಸಿದನು. ಇಂದಿಗೂ ಕಾರಿನ ಕಾರ್ಖಾನೆಗಳ ಲೆಕ್ಕವು ಅದೇ ನಿಯಮದ ಮೇಲೆ ನಿಂತಿದೆ.

ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಹಾಕೋಣ. ಒಂದು ಸ್ಪ್ರಿಂಗು ಪ್ರತಿ ೨೦ ಕಿಲೋಗ್ರಾಂ ಭಾರಕ್ಕೆ ಒಂದು ಸೆಂಟಿಮೀಟರ್ ಕುಗ್ಗುತ್ತದೆನ್ನೋಣ. ಖಾಲಿ ಗಾಡಿಯಲ್ಲಿ ಅದರ ಮೇಲೆ ೧೫೦ ಕಿಲೋ ಭಾರವಿದ್ದರೆ ಅದು ಏಳೂವರೆ ಸೆಂಟಿಮೀಟರ್ ಕುಗ್ಗಿ ನಿಲ್ಲುತ್ತದೆ. ಇನ್ನೂ ೧೦೦ ಕಿಲೋ ಹೇರಿದರೆ ಮತ್ತೆ ಐದು ಸೆಂಟಿಮೀಟರ್ ಇಳಿಯುತ್ತದೆ.

ಈಗ ಅದೇ ಎತ್ತರದ, ಅದೇ ಸುತ್ತಳತೆಯ, ಅಷ್ಟೇ ಸುತ್ತುಗಳ ಇನ್ನೊಂದು ಸ್ಪ್ರಿಂಗನ್ನು ತೆಗೆದುಕೊಳ್ಳಿರಿ. ವ್ಯತ್ಯಾಸವಿಷ್ಟೇ: ಮೊದಲನೆಯದರ ತಂತಿಯ ದಪ್ಪ ೧೦ ಮಿಲಿಮೀಟರ್, ಇದರದು ೧೧. ಕಣ್ಣಿಗೆ ಎರಡೂ ಒಂದೇ ಎಂದು ತೋರುವುವು. ಆದರೆ ಸ್ಪ್ರಿಂಗಿನ ಗಡಸುತನವು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಹೆಚ್ಚುತ್ತದೆ; ಎಂದರೆ ದಪ್ಪವನ್ನು ನಾಲ್ಕು ಸಲ ತನ್ನಲ್ಲಿಯೇ ಗುಣಿಸಬೇಕು. ಹಾಗೆ ಗುಣಿಸಿ ನೋಡಿದರೆ ಒಂದು ಮಿಲಿಮೀಟರಿನ ಅಂತರದಿಂದಲೇ ಸ್ಪ್ರಿಂಗು ನೂರಕ್ಕೆ ನಲವತ್ತಾರರಷ್ಟು ಗಡಸಾಗುತ್ತದೆ. ಒಂದು ಸೆಂಟಿಮೀಟರ್ ಕುಗ್ಗಿಸಲು ಈಗ ಸುಮಾರು ೨೯ ಕಿಲೋ ಬೇಕು. ಹೇರಿದ ೧೦೦ ಕಿಲೋಗೆ ಅದು ಮೂರೂವರೆ ಸೆಂಟಿಮೀಟರ್ ಕೂಡ ಇಳಿಯದು. ನಮ್ಮ ಮಿತ್ರರಿಗೆ ಕಂಡ ಗುಣವು ಇದೇ. ಆದರೆ ಖಾಲಿಯಿದ್ದಾಗ ಅದು ಐದು ಸೆಂಟಿಮೀಟರಿನಷ್ಟೇ ಕುಗ್ಗಿ, ಗಾಡಿಯ ಬೆನ್ನನ್ನು ಎರಡು ಸೆಂಟಿಮೀಟರಿಗೂ ಹೆಚ್ಚು ಮೇಲೆತ್ತುತ್ತದೆ. ಅವರಿಗೆ ಕಾಣದೆ ಹೋದ ದೋಷವು ಅದು.

ದೋಷವು ಎತ್ತರದಲ್ಲಿ ಮಾತ್ರವಿಲ್ಲ. ಸ್ಪ್ರಿಂಗಿನ ಮೇಲೆ ನಿಂತ ಭಾರವು ಒಮ್ಮೆ ಅಲುಗಿದರೆ ತನ್ನದೇ ಒಂದು ತಾಳದಲ್ಲಿ ಏರಿ ಇಳಿಯುತ್ತದೆ. ಮೇಲಿನ ಲೆಕ್ಕದ ಮೊದಲ ಸ್ಪ್ರಿಂಗಿನಲ್ಲಿ, ಭಾರ ತುಂಬಿದಾಗ ಆ ತಾಳವು ಸೆಕೆಂಡಿಗೆ ಸುಮಾರು ೧.೪ ಸಲ, ಮೈಗೆ ಹಿತವಾದುದು. ಗಡಸು ಸ್ಪ್ರಿಂಗಿನಲ್ಲಿ ಖಾಲಿ ಗಾಡಿಯ ತಾಳವು ೨.೨ ಸಲ. ಈ ಏರಿಳಿತವನ್ನು ತಡೆದು ಶಾಂತಗೊಳಿಸುವುದು ಷಾಕ್ ಅಬ್ಸಾರ್ಬರಿನ ಕೆಲಸ. ಸ್ಪ್ರಿಂಗು ನೂರಕ್ಕೆ ನಲವತ್ತಾರರಷ್ಟು ಗಡಸಾದರೆ ಷಾಕ್ ಅಬ್ಸಾರ್ಬರಿನ ತಡೆಯೂ ನೂರಕ್ಕೆ ಇಪ್ಪತ್ತೊಂದರಷ್ಟು ಹೆಚ್ಚಬೇಕಾಗುತ್ತದೆ. ಹಳೆಯ ಗಾಡಿಯ ಸವೆದ ಷಾಕ್ ಅಬ್ಸಾರ್ಬರಿಗೆ ಇದ್ದ ಕೆಲಸವೇ ಹೊರೆ! ಹಂಪಿನಿಂದ ಇಳಿದ ಚಕ್ರವು ನೆಲವನ್ನು ಬಿಗಿಯಾಗಿ ಹಿಡಿಯುವುದಕ್ಕೆ ಮೊದಲೇ ಮತ್ತೆ ಹಾರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಹಿಡಿತವೆಲ್ಲಿಯದು? ನೆಲವು ಒದ್ದೆಯಾಗಿದ್ದು, ಗಾಡಿಯು ತಿರುವಿನಲ್ಲಿದ್ದರೆ, ಹಿಂಭಾಗವು ಜಾರುವುದರಲ್ಲಿ ಆಶ್ಚರ್ಯವಿಲ್ಲ.

ಕುಳಿತರೆ ಸಾಲದು

ಅಪಘಾತದ ತರುವಾಯ ನಾವಿಬ್ಬರೂ ಬೀದರಿನ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ಕರ ಬಳಿಗೆ ಹೋದೆವು. ಹೈದರಾಬಾದು ಸಂಸ್ಥಾನದ ಕಾಲದಿಂದಲೂ ಬೀದರು, ಕಲಬುರ್ಗಿ, ರಾಯಚೂರುಗಳ ಜನರಿಗೆ ಇದು ಹತ್ತಿರದ ಪಟ್ಟಣ. ೧೯೫೬ರ ನವೆಂಬರ್ ೧ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ದುಡಿಮೆಯ ದಾರಿಯೇನೂ ಮುಚ್ಚಲಿಲ್ಲ. ಆ ಹಿರಿಯರನ್ನು ಷೆಡ್ಡಿನಲ್ಲಿ ಎಲ್ಲರೂ "ಉಸ್ತಾದ್" ಎಂದೇ ಕರೆಯುವರು.

"ಉಸ್ತಾದರೇ, ಬಟ್ಟಲಿನಲ್ಲಿ ಸರಿಯಾಗಿಯೇ ಕೂತಿತ್ತಲ್ಲ?" ಎಂದು ನಮ್ಮ ಮಿತ್ರರು ಕೇಳಿದರು.

ಅವರು ಗಾಡಿಯ ಕೆಳಗಿನಿಂದ ಎದ್ದು ಕೈ ಒರಸಿಕೊಳ್ಳುತ್ತ, "ಕುಂತ್ರ ಸಾಕಾಗಂಗಿಲ್ರೀ, ಹೊಂದಬೇಕ್ರೀ" ಎಂದರು.

ಎಲ್ಲ ತತ್ತ್ವವೂ ಆ ಮಾತಿನಲ್ಲಿಯೇ ಇದೆ. ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕುಕ್ಕರಿನ ಮುಚ್ಚಳವು ಇನ್ನೊಂದರ ಮೇಲೆ ಕುಳಿತೀತು. ಆದರೆ ಉಗಿಯ ಒತ್ತಡ ಏರಿದಾಗ ಅದು ತಡೆಯುವುದೇ ಎಂಬುದೇ ಪ್ರಶ್ನೆ.

ಉಸ್ತಾದರು ಇನ್ನೂ ಕೆಲವು ಸಂಗತಿಗಳನ್ನು ತೋರಿಸಿದರು. ಸ್ಪ್ರಿಂಗಿನ ತುದಿಯು ಕೆಲವು ಮಾದರಿಗಳಲ್ಲಿ ಚಪ್ಪಟೆಯಾಗಿಯೂ ಕೆಲವದರಲ್ಲಿ ಒಳಕ್ಕೆ ಸುತ್ತಿಕೊಂಡೂ ಇರುತ್ತದೆ. ಅದು ತನ್ನ ರಬ್ಬರಿನ ಗುಳಿಯಲ್ಲಿ ಸರಿಯಾಗಿ ನಿಲ್ಲದಿದ್ದರೆ ಕಾಲಕ್ರಮದಲ್ಲಿ ತಿರುಗಿ, ಸವೆದು, ಮುರಿಯುವುದುಂಟು. ಸ್ಪ್ರಿಂಗಿನ ಎತ್ತರ ಕಡಿಮೆಯಾಗಿದ್ದರೆ ಚಕ್ರವು ಹೊಂಡಕ್ಕೆ ಪೂರ್ತಿಯಾಗಿ ಇಳಿದಾಗ ಅದು ಬಟ್ಟಲಿನಿಂದ ಸಡಿಲವಾಗಿ ಕಳಚಿಕೊಳ್ಳಬಹುದು. ಬೆನ್ನು ಮೇಲೆದ್ದರೆ ಮುಂದಿನ ದೀಪಗಳ ಬೆಳಕು ಕೆಳಕ್ಕೆ ಬಾಗಿ ರಾತ್ರಿಯ ದಾರಿಯು ಮೊಟಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ಹಳೆಯ ಮಾದರಿಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂಬುದನ್ನು ಗಾಡಿಯ ಬೆನ್ನಿನ ಎತ್ತರವನ್ನು ಅಳೆದು ಒಂದು ವಾಲ್ವು ನಿರ್ಧರಿಸುತ್ತದೆ. ಬೆನ್ನು ತಗ್ಗಿದ್ದರೆ ಭಾರವಿದೆಯೆಂದು ತಿಳಿದು ಹೆಚ್ಚು ಒತ್ತಡ. ಎತ್ತರವಿದ್ದರೆ ಖಾಲಿಯೆಂದು ತಿಳಿದು ಕಡಿಮೆ. ಅನ್ಯ ಸ್ಪ್ರಿಂಗು ಹಾಕಿದ ಗಾಡಿಯು ಭಾರ ತುಂಬಿದ್ದರೂ ಎತ್ತರವಾಗಿಯೇ ನಿಂತು, ವಾಲ್ವಿಗೆ ಸುಳ್ಳು ಹೇಳುತ್ತದೆ.

ಕುಸಿದ ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸುವವರೂ, ಗಾಡಿ ತಗ್ಗಾಗಿ ಸೊಗಸಾಗಿ ಕಾಣಲೆಂದು ಹಾಗೆ ಮಾಡುವವರೂ ಇದ್ದಾರೆ. ಇದು ಇನ್ನೂ ಕೆಟ್ಟದು. ಎಂಟು ಸುತ್ತುಗಳ ಸ್ಪ್ರಿಂಗಿನಲ್ಲಿ ಎರಡನ್ನು ತೆಗೆದರೆ ಉಳಿದುದು ಮೂರರಲ್ಲೊಂದು ಪಾಲು ಹೆಚ್ಚು ಗಡಸಾಗುತ್ತದೆ, ತುದಿಯ ಆಕಾರವೂ ಕೆಡುತ್ತದೆ.

ಹಿಂದಿನ ಕಾಲದ ಗಾಡಿಗಳು

ನಮ್ಮ ಹಿರಿಯರ ಕಾಲದಲ್ಲಿ ಈ ತೊಡಕು ಇಷ್ಟಾಗಿ ಇರಲಿಲ್ಲ. ಆಗ ದೇಶದಲ್ಲಿ ಓಡುತ್ತಿದ್ದ ಕಾರುಗಳ ಬಗೆಯೇ ಬೆರಳೆಣಿಕೆಯವು. ಅಂಬಾಸಿಡರಿಗೆ ಮುಂದೆ ತಿರುಚುವ ಉಕ್ಕಿನ ಸರಳು, ಹಿಂದೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಫಿಯೆಟ್ಟಿಗೆ ಮುಂದೆ ಸುರುಳಿ, ಹಿಂದೆ ಪಟ್ಟಿ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡಿನ ಹಿಂದಿನ ಪಟ್ಟಿಯು ಗಾಡಿಗೆ ಅಡ್ಡಲಾಗಿ ಇರುತ್ತಿತ್ತು. ಒಂದರದು ಇನ್ನೊಂದಕ್ಕೆ ಕೂರುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೆಚ್ಚು ಭಾರ ಹೊರಬೇಕಾದವರು ಲಾರಿಯವರಂತೆ ಪಟ್ಟಿಯ ಕಟ್ಟಿಗೆ ಇನ್ನೊಂದು ಪಟ್ಟಿಯನ್ನು ಸೇರಿಸುತ್ತಿದ್ದರು. ಅದೂ ನಿರ್ದೋಷವಲ್ಲವಾದರೂ, ಪಟ್ಟಿಗಳು ಒಂದರ ಮೇಲೊಂದು ಉಜ್ಜುವುದರಿಂದಲೇ ಕುಣಿತವು ಕೊಂಚ ತಗ್ಗುತ್ತಿತ್ತು. ಆ ಕಾರುಗಳ ಯುಗ ಮುಗಿಯಿತು. ಅಂಬಾಸಿಡರಿನ ತಯಾರಿಕೆಯು ೨೦೧೪ರಲ್ಲಿ ನಿಂತಿತು. ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯು ೨೦೨೩ರ ಅಕ್ಟೋಬರಿನಲ್ಲಿ ಬೀದಿಯನ್ನು ಬಿಟ್ಟಿತು.

ಇಂದಿನ ಸ್ಥಿತಿ ಬೇರೆ. ಒಂದೇ ತಳಹದಿಯ ಮೇಲೆ ಕಾರ್ಖಾನೆಯವರು ಎರಡು ಮೂರು ಮಾದರಿಗಳನ್ನು ಕಟ್ಟುತ್ತಾರೆ. ೨೦೦೫ರಲ್ಲಿ ಬಂದ ಸ್ವಿಫ್ಟ್ ಕಾರಿನ ತಳಹದಿಯ ಮೇಲೆಯೇ ೨೦೦೮ರಲ್ಲಿ ಡಿಕ್ಕಿಯುಳ್ಳ ಡಿಸೈರ್ ಬಂದುದು ಎಲ್ಲರಿಗೂ ತಿಳಿದ ಉದಾಹರಣೆ. ಇಂಥ ಒಡಹುಟ್ಟಿದ ಗಾಡಿಗಳಲ್ಲಿ ಅನೇಕ ಬಿಡಿಭಾಗಗಳು ಒಂದೇ ಆಗಿರುವುದರಿಂದ ಸ್ಪ್ರಿಂಗೂ ಒಂದೇ ಎಂಬ ಭ್ರಮೆ ಹುಟ್ಟುವುದು ಸಹಜ. ಆದರೆ ಒಂದೇ ಹೆಸರಿನ ಕಾರಿನಲ್ಲಿಯೂ ಪೆಟ್ರೋಲಿನ ಎಂಜಿನ್ನಿಗಿಂತ ಡೀಸೆಲ್ಲಿನ ಎಂಜಿನ್ನು ಭಾರವಾದುದರಿಂದ ಮುಂದಿನ ಸ್ಪ್ರಿಂಗು ಬೇರೆಯಾಗಿರುವುದುಂಟು, ಕಾರ್ಖಾನೆಯಿಂದಲೇ ಸಿ.ಎನ್.ಜಿ. ಸಿಲಿಂಡರಿನೊಡನೆ ಬಂದ ಗಾಡಿಗೆ, ಆ ಸಿಲಿಂಡರಿನ ಭಾರಕ್ಕೆಂದು, ಹಿಂದಿನದು ಬೇರೆಯಾಗಿರುವುದುಂಟು. ಸ್ಪ್ರಿಂಗಿನ ಮೇಲೆ ಬಣ್ಣದ ಗೆರೆಗಳನ್ನು ಎಳೆದಿರುವುದು ಅಲಂಕಾರಕ್ಕಲ್ಲ. ಯಾವುದು ಎಷ್ಟು ಭಾರಕ್ಕೆ ಎಂಬುದನ್ನು ಗುರುತಿಸಲೆಂದೇ ಆ ಗೆರೆಗಳು. ಗುಜರಿಗೆ ಬರುವಷ್ಟರಲ್ಲಿ ಗೆರೆ ಅಳಿಸಿರುತ್ತದೆ. ಸ್ಪ್ರಿಂಗಿನ ಆಯುಷ್ಯವೂ ಬಹುಮಟ್ಟಿಗೆ ಕಳೆದಿರುತ್ತದೆ.

ಕಾಯಿದೆಯ ಮಾತು

ಗುಮಾಸ್ತ ಬಂಧುಗಳು ಕಾಯಿದೆಯನ್ನು ಕೇಳದೆ ಬಿಡರು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿದ ಮತ್ತು ಆರ್.ಸಿ. ಪುಸ್ತಕದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿ ೯ರಂದು ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಬಿಡಿಭಾಗಗಳನ್ನು ಅಳವಡಿಸಿ ಗಾಡಿಯನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿಯೊಂದು ಮಾರ್ಪಾಡಿಗೂ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. ಕಾಯಿದೆಯ ವಿವರಣೆಯು ಗಾಡಿಯ ಮೂಲ ಲಕ್ಷಣದ ಬದಲಾವಣೆಯನ್ನು ಕುರಿತು ಹೇಳುವುದರಿಂದ, ಸ್ಪ್ರಿಂಗೊಂದರ ಬದಲಾವಣೆಯು ಅದಕ್ಕೆ ಒಳಪಡುವುದೇ ಎಂದು ವಾದಿಸಲು ಆಸ್ಪದವಿದೆ. ಆದರೆ ಅಪಘಾತವಾದ ಮೇಲೆ ವಿಮೆಯವರ ಮುಂದೆಯೋ ನ್ಯಾಯಾಲಯದ ಮುಂದೆಯೋ ಆ ವಾದವನ್ನು ಹೂಡುವ ಶಕ್ತಿ ನಮ್ಮಲ್ಲಿ ಎಷ್ಟು ಜನರಿಗಿದೆ?

ಇನ್ನೊಂದು ಮಾತನ್ನೂ ನೆನಪಿನಲ್ಲಿಡತಕ್ಕದ್ದು. ದೊಡ್ಡ ಸ್ಪ್ರಿಂಗು ಹಾಕಿದ ಮಾತ್ರಕ್ಕೆ ಗಾಡಿಯು ಹೊರಬಹುದಾದ ಭಾರವು ಹೆಚ್ಚುವುದಿಲ್ಲ. ಟೈರು ಅದೇ, ಬ್ರೇಕು ಅದೇ, ಚಕ್ರದ ಬೇರಿಂಗು ಅದೇ. ಬೆನ್ನು ಕುಸಿಯುವುದು ಗಾಡಿಯು ನಮಗೆ ಕೊಡುವ ಎಚ್ಚರಿಕೆ. ಗಡಸು ಸ್ಪ್ರಿಂಗು ಆ ಎಚ್ಚರಿಕೆಯ ಬಾಯಿಯನ್ನು ಕಟ್ಟುತ್ತದೆ, ಅಷ್ಟೆ.

ಮಾಡತಕ್ಕದ್ದೇನು?

ಹಾಗಾದರೆ ಬಡವನು ಏನು ಮಾಡಬೇಕು? ಉಸ್ತಾದರು ನಮ್ಮ ಮಿತ್ರರಿಗೆ ಹೇಳಿದುದನ್ನೇ ಇಲ್ಲಿ ಕೊಡುತ್ತೇನೆ.

ಗಾಡಿಯ ಚಾಸಿ ನಂಬರನ್ನು ಅಧಿಕೃತ ಬಿಡಿಭಾಗದ ಅಂಗಡಿಯಲ್ಲಿ ತೋರಿಸಿ, ಅದೇ ಮಾದರಿಗೆ ಗೊತ್ತುಪಡಿಸಿದ ಸ್ಪ್ರಿಂಗಿನ ನಂಬರನ್ನು ತಿಳಿದುಕೊಳ್ಳಬೇಕು. ಕೊಳ್ಳುವಾಗ ಎಡಬಲದ ಜೋಡಿಯನ್ನೇ ಕೊಳ್ಳಬೇಕು; ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಗಾಡಿಯು ವಾಲಿ ನಿಲ್ಲುತ್ತದೆ. ಷಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿದ್ದರೆ ಅದನ್ನೂ ಅದೇ ದಿನ ಬದಲಾಯಿಸತಕ್ಕದ್ದು. ಟೈರಿನ ಗಾಳಿಯನ್ನು, ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ತುಂಬಿದ ಗಾಡಿಗೆಂದು ಬರೆದಷ್ಟೇ ಇಡಬೇಕು.

ಭಾರವನ್ನು ಹೇರುವ ಕ್ರಮವೂ ಮುಖ್ಯವೇ. ಅತ್ಯಂತ ಭಾರವಾದ ಕ್ಯಾನುಗಳು ಡಿಕ್ಕಿಯ ತುದಿಯಲ್ಲಿರದೆ, ಮುಂದಿನ ಸೀಟಿಗೆ ಒತ್ತಿಕೊಂಡು ತಳದಲ್ಲಿರಬೇಕು. ಹಗುರಾದ ಡಬ್ಬಗಳು ಹಿಂದೆ. ಹಿಂದಿನ ಚಕ್ರಗಳಿಂದ ಆಚೆಗೆ ಚಾಚಿದ ಭಾರವು ಸನ್ನೆಕೋಲಿನ ತುದಿಯ ಭಾರದಂತೆ ತನ್ನ ತೂಕಕ್ಕಿಂತ ಹೆಚ್ಚಾಗಿ ಒತ್ತುತ್ತದೆ. ಹಗ್ಗದಿಂದ ಬಿಗಿಯದೆ ಒಂದು ಕ್ಯಾನೂ ಹೊರಡಕೂಡದು. ಆರ್.ಸಿ. ಪುಸ್ತಕದಲ್ಲಿ ಬರೆದ ತೂಕವನ್ನು ಮೀರಿದ ಭಾರವಾದರೆ ಒಂದರ ಬದಲು ಎರಡು ಸಲ ಹೋಗಿಬರುವುದೇ ಲಾಭ.

ಕೊನೆಯದಾಗಿ ಕೈಯಾರೆ ರಿಪೇರಿ ಮಾಡಹೊರಡುವ ಉತ್ಸಾಹಿಗಳಿಗೆ ಒಂದು ಮಾತು. ೨೦ ಕಿಲೋಗೆ ಒಂದು ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗನ್ನು ೧೫ ಸೆಂಟಿಮೀಟರ್ ಅದುಮಿ ಹಿಡಿದರೆ ಅದರಲ್ಲಿ ೩೦೦ ಕಿಲೋ ಭಾರದಷ್ಟು ಬಲ ಅಡಗಿರುತ್ತದೆ. ಹಿಡಿತ ತಪ್ಪಿದರೆ ಅದರ ಹೊಡೆತವು, ೨೦ ಕಿಲೋ ಅಕ್ಕಿಯ ಮೂಟೆಯೊಂದು ಒಂದು ಮೀಟರಿಗೂ ಮಿಕ್ಕ ಎತ್ತರದಿಂದ ಬಿದ್ದುದಕ್ಕೆ ಸಮ. ತಕ್ಕ ಸಲಕರಣೆಯೂ ತಕ್ಕ ಕೈಯೂ ಇಲ್ಲದೆ ಮುಂದಿನ ಸ್ಪ್ರಿಂಗಿನ ನಟ್ಟನ್ನು ಬಿಚ್ಚುವುದು ಅಪಾಯಕರ.

ನಮ್ಮ ಮಿತ್ರರು ಅನ್ಯ ಸ್ಪ್ರಿಂಗುಗಳನ್ನು ತೆಗೆಸಿ ಗಾಡಿಗೆ ಅದರದೇ ಹೊಸ ಜೋಡಿಯನ್ನು ಹಾಕಿಸಿದ್ದಾರೆ. ಅದಕ್ಕೆಂದು ಮತ್ತೊಂದು ಸಣ್ಣ ಸಾಲವಾಗಿದೆ. ಉಳಿಸಿದೆನೆಂದುಕೊಂಡ ಹಣಕ್ಕಿಂತ ಆಸ್ಪತ್ರೆಗೆ ಸಂದ ಹಣವು ಹಲವು ಪಾಲು ಹೆಚ್ಚು. ಈಗ ಅವರು ಬೆಳಿಗ್ಗೆ ಎರಡು ಸಲ ಹೋಗಿಬರುತ್ತಾರೆ. ಅದಕ್ಕಾಗಿ ಅರ್ಧ ಗಂಟೆ ಮುಂಚಿತವಾಗಿ ಏಳುತ್ತಾರೆ. ಹುಡುಗನ ಕೈ ಕೂಡಿಕೊಂಡಿದೆ. ಕ್ಯಾನು ಎತ್ತುವ ಕೆಲಸ ಇನ್ನೂ ಆರು ವಾರ ಬೇಡವೆಂದು ವೈದ್ಯರು ಹೇಳಿರುವುದರಿಂದ ಅವನು ಚಟ್ನಿ ರುಬ್ಬುವಲ್ಲಿ ನಿಂತಿದ್ದಾನೆ. ಮೊನ್ನೆ ಅವನ ತಾಯಿಯ ಫೋನು ಬಂದಾಗ ಮಿತ್ರರು ತಾವೇ ಎತ್ತಿಕೊಂಡು ನಡೆದುದೆಲ್ಲವನ್ನೂ ಹೇಳಿದರಂತೆ. ಆಕೆ ಬೈಯಲಿಲ್ಲವಂತೆ, "ಗಾಡಿ ಸರಿಯಾಯಿತಾ?" ಎಂದು ಮಾತ್ರ ಕೇಳಿದರಂತೆ.

ಹಳೆಯ ಗಾಡಿಯನ್ನು ಕೊಂಡ ಬಂಧುಗಳೆಲ್ಲರೂ ಈ ಪ್ರಶ್ನೆಯನ್ನು ತಮ್ಮ ತಮ್ಮ ಗಾಡಿಯ ವಿಷಯದಲ್ಲಿ ಇಂದೇ ಕೇಳಿಕೊಳ್ಳುವುದು ಒಳ್ಳೆಯದು.